ಒಪ್ಪಿಸಿದ ಮೇಲಿನ ಕಥೆ

ರೈಲು ನಿಲ್ದಾಣಗಳಲ್ಲಿ ಒಬ್ಬಂಟಿಯಾಗಿ ಸಿಕ್ಕ ಮಕ್ಕಳನ್ನು ಕಾಪಾಡಿದ ಲೆಕ್ಕ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ರೈಲ್ವೆ ರಕ್ಷಣಾ ಪಡೆಯ ‘ನನ್ಹೆ ಫರಿಶ್ತೆ’ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ 84,119 ಮಕ್ಕಳನ್ನು ರಕ್ಷಿಸಲಾಯಿತು ಎಂದು ರೈಲ್ವೆ ಸಚಿವಾಲಯ ಪ್ರಕಟಿಸಿತು. ಆ ಸಂಖ್ಯೆಯ ಮೇಲೆ ನನಗೆ ಅನುಮಾನವಿಲ್ಲ. ನಡುರಾತ್ರಿ ಪ್ಲಾಟ್‌ಫಾರಂ ತುದಿಯಲ್ಲಿ ಮುದುಡಿ ಕೂತ ಹುಡುಗಿಯನ್ನು ಗಮನಿಸಿ ಹತ್ತಿರ ಹೋಗುವ ಕಾನ್‌ಸ್ಟೆಬಲ್ ಮಾಡುವ ಕೆಲಸ ಸಣ್ಣದಲ್ಲ. ನನ್ನ ತಕರಾರು ಆ ಸಂಖ್ಯೆಯ ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದು ಸಂಖ್ಯೆಯ ಬಗ್ಗೆ. ಆ ಎಂಬತ್ನಾಲ್ಕು ಸಾವಿರದಲ್ಲಿ ಆರು ತಿಂಗಳ ನಂತರವೂ ಒಪ್ಪಿಸಿದ ಜಾಗದಲ್ಲೇ ಇದ್ದವರು ಎಷ್ಟು? ಮತ್ತೆ ರೈಲು ಹತ್ತಿದವರು ಎಷ್ಟು? ಒಂದೇ ಮಗುವನ್ನು ಎರಡು ಬಾರಿ, ಮೂರು ಬಾರಿ ‘ರಕ್ಷಿಸಿ’ದ್ದು ಎಷ್ಟು?

ಬೀದಿಗೆ ಬಿದ್ದ ಮಕ್ಕಳ ವಿಚಾರದಲ್ಲಿ ನಮ್ಮ ಒಪ್ಪಿತ ಅಭಿಪ್ರಾಯಕ್ಕೆ ಎರಡು ಪದರಗಳಿವೆ. ಹಳೆಯ ಪದರ ಎಲ್ಲರಿಗೂ ಗೊತ್ತು: ಬೀದಿಯ ಮಗು ದಿಕ್ಕಿಲ್ಲದ್ದು, ತಂದು ಬಾಲಮಂದಿರದಲ್ಲಿ ಬಿಟ್ಟರೆ ಅನ್ನ, ಅಕ್ಷರ ಎರಡೂ ಸಿಗುತ್ತವೆ. ತಿಳಿದವರು ಈಗ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ಅದರ ಮೇಲೆ ಕೂತಿರುವ ಹೊಸ ಪದರವೇ ಇವತ್ತಿನ ಸಭ್ಯ ಮತ: ಮಗುವಿಗೆ ಮನೆಯೇ ಲೇಸು, ಸಂಸ್ಥೆ ಕಟ್ಟಕಡೆಯ ದಾರಿ, ಆದಷ್ಟು ಬೇಗ ಹೆತ್ತವರಿಗೆ ಒಪ್ಪಿಸಬೇಕು, ಮಿಕ್ಕಿದ್ದನ್ನು ಸಮುದಾಯ ನೋಡಿಕೊಳ್ಳುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ ಮೂರನೇ ಸೆಕ್ಷನ್ ಇದನ್ನು ತತ್ತ್ವವಾಗಿ ಬರೆದಿಟ್ಟಿತು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಯೋಜನೆಯಾಗಿಸಿತು. ವಿಚಾರ ಸಂಕಿರಣಗಳಲ್ಲಿ ಇದಕ್ಕೆ ಎದುರಾಡುವವರೇ ಇಲ್ಲ.

ನನ್ನ ಜಗಳ ಈ ಎರಡನೆಯ ಮತದ ಜೊತೆ, ಅದೂ ಅದನ್ನು ನಂಬುತ್ತಲೇ. ಮಗುವಿಗೆ ಮನೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಕಟ್ಟಿಕೊಂಡಿರುವ ವ್ಯವಸ್ಥೆ ದುಡ್ಡು ಬಿಚ್ಚುವುದು ಮುಖ್ಯವಾಗಿ ಕಟ್ಟಡಕ್ಕೆ ಮತ್ತು ಪ್ರಯಾಣಕ್ಕೆ. ಮಗುವನ್ನು ಇಟ್ಟುಕೊಳ್ಳಲು ಒಂದು ಕಟ್ಟಡ, ಮಗುವನ್ನು ಊರಿಗೆ ಮುಟ್ಟಿಸಲು ಒಂದು ಪ್ರಯಾಣ. ಊರು ಮುಟ್ಟಿದ ಮೇಲೆ ಆ ಮಗುವಿನ ಹೆಸರು ಹಿಡಿದು ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವ ಮನುಷ್ಯನೊಬ್ಬನಿಗೆ ಸಂಬಳ ಕೊಡುವ ಅಭ್ಯಾಸ ನಮಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥವರಿಲ್ಲದೆ ‘ಮನೆಯೇ ಲೇಸು’ ಎನ್ನುವುದು ಕೈತೊಳೆದುಕೊಳ್ಳುವ ಮರ್ಯಾದಸ್ಥ ವಿಧಾನ.

ಮೊದಲು, ನಾವು ಮಾತಾಡುತ್ತಿರುವುದು ಯಾವ ಮಗುವಿನ ಬಗ್ಗೆ ಎಂಬುದನ್ನು ಬಿಡಿಸಿಕೊಳ್ಳೋಣ. ಬೀದಿ ಮಕ್ಕಳ ಪ್ರಕರಣವನ್ನು ಸುಪ್ರೀಂ ಕೋರ್ಟು ತಾನಾಗಿಯೇ ಎತ್ತಿಕೊಂಡಾಗ, 2022ರ ಆರಂಭದ ಹೊತ್ತಿಗೆ ರಾಜ್ಯಗಳು ಗುರುತಿಸಿದ್ದ ಮಕ್ಕಳು 17,914. ಅವರಲ್ಲಿ 9,530 ಮಕ್ಕಳು ಕುಟುಂಬದ ಜೊತೆಯೇ ಬೀದಿಯಲ್ಲಿದ್ದವರು. 7,550 ಮಕ್ಕಳು ಹಗಲು ಬೀದಿಯಲ್ಲಿದ್ದು ರಾತ್ರಿ ಕೊಳೆಗೇರಿಯ ಮನೆಗೆ ಮರಳುವವರು. ಯಾರೂ ಇಲ್ಲದೆ ಒಬ್ಬಂಟಿಯಾಗಿದ್ದವರು 834. ನೂರಕ್ಕೆ ಐದೂ ಆಗಲಿಲ್ಲ.

ಈ ಲೆಕ್ಕಕ್ಕೆ ಒಂದು ಆಕ್ಷೇಪ ಬರಬೇಕು, ಬರಲಿ. ಒಂಟಿ ಮಕ್ಕಳು ಎಣಿಕೆಗೆ ಸಿಗುವುದಿಲ್ಲ; ಸಿಗದಂತಿರುವುದೇ ಅವರು ಬದುಕುವ ಉಪಾಯ. ಹಾಗಾಗಿ 834 ಎನ್ನುವುದು ತೀರಾ ಕಡಿಮೆ ಎಂದೇ ಇಟ್ಟುಕೊಳ್ಳಿ. ಅದನ್ನು ಹತ್ತು ಪಟ್ಟು ಮಾಡಿದರೂ ಒಬ್ಬಂಟಿಗಳ ಪಾಲು ಒಟ್ಟಿನ ಮೂರನೇ ಒಂದನ್ನು ಮುಟ್ಟುವುದಿಲ್ಲ. ಆದರೆ ನಮ್ಮ ಕಲ್ಪನೆ ಪೂರ್ತಿ ವಾಲಿರುವುದು ಈ ಒಂಟಿ ಮಗುವಿನ ಕಡೆಗೇ. ನಾಗಾಭರಣರ ‘ಚಿನ್ನಾರಿ ಮುತ್ತ’ದಲ್ಲಿ ಹಳ್ಳಿಯಿಂದ ಬಂದ ಹುಡುಗ ಬೆಂಗಳೂರಿನ ಬೀದಿ ಮಕ್ಕಳ ಜೊತೆ ಸೇರಿ ಕೊನೆಗೆ ಓಟಗಾರನಾಗುತ್ತಾನೆ. ಆಗಿನ್ನೂ ಬಾಲಕನಾಗಿದ್ದ ಕಿಶನ್ ನಿರ್ದೇಶಿಸಿದ ‘ಕೇರ್ ಆಫ್ ಫುಟ್‌ಪಾತ್’ನಲ್ಲಿ ಚಿಂದಿ ಆಯುವ ಹುಡುಗ ಹಟ ಹಿಡಿದು ಶಾಲೆ ಸೇರುತ್ತಾನೆ. ಎರಡೂ ನನಗೆ ಇಷ್ಟವಾದ ಚಿತ್ರಗಳು. ಎರಡರಲ್ಲೂ ಹುಡುಗನನ್ನು ಮೇಲೆತ್ತುವುದು ಅವನೊಳಗಿನ ಕಸುವು. ಓಡಲೂ ಬಾರದ, ಓದಲೂ ಒಲ್ಲದ ಹುಡುಗನಿಗೆ ಆ ಕಥೆಗಳಲ್ಲಿ ಜಾಗವಿಲ್ಲ. ಸಿನಿಮಾಕ್ಕೆ ಅದು ಕ್ಷಮ್ಯ. ಸರ್ಕಾರಿ ಯೋಜನೆಯೂ ಅದೇ ಕಥೆಯನ್ನು ನಂಬಿಕೊಂಡು ಕೂತರೆ ಕಷ್ಟ.

ಕುಟುಂಬದ ಜೊತೆಯೇ ಬೀದಿಯಲ್ಲಿರುವ ಮಗುವಿಗೆ ನಮ್ಮ ವ್ಯವಸ್ಥೆಯ ಹತ್ತಿರ ಇರುವ ಉತ್ತರ ಏನು? ಸಿಗ್ನಲ್ಲಿನಲ್ಲಿ ಪೆನ್ನು, ಬಲೂನು ಮಾರುವ ಮಗುವನ್ನು ಅಭಿಯಾನದ ದಿನ ವ್ಯಾನಿಗೆ ಹತ್ತಿಸಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ತಾಯಿ ಅಳುತ್ತಾ ಹಿಂದೆ ಬರುತ್ತಾಳೆ. ಸಮಿತಿಯ ಮುಂದೆ ಸಾಮಾನ್ಯವಾಗಿ ಉಳಿಯುವ ಆಯ್ಕೆಗಳೋ ಎರಡೇ: ಮಗುವನ್ನು ತಾಯಿಯಿಂದ ಬಿಡಿಸುವುದು, ಇಲ್ಲವೇ ತಾಯಿಯ ಜೊತೆ ಅದೇ ಫುಟ್‌ಪಾತಿಗೆ ಕಳಿಸುವುದು. ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಕುಟುಂಬದಿಂದ ಬೇರೆ ಮಾಡಕೂಡದು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಸರಿ. ಆದರೆ ಆ ತಾಯಿಗೆ ಬೇಕಾದ್ದು ಬಾಡಿಗೆಯ ಒಂದು ಕೋಣೆ, ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗಲು ಒಂದು ಜಾಗ. ಇವು ಯಾವುವೂ ಆ ಸಮಿತಿಯ ಕೈಯಲ್ಲಿಲ್ಲ. ವಸತಿ ಇನ್ನೊಂದು ಇಲಾಖೆ, ಕಾರ್ಮಿಕರು ಮತ್ತೊಂದು ಇಲಾಖೆ. ಇದರ ಮಧ್ಯೆ ‘ಅದು ಬಾಡಿಗೆ ಕೂಸು, ಮಾಫಿಯಾ ಇದೆ’ ಎಂಬ ನಗರವಾಸಿಗಳ ಪಿಸುಮಾತು ಬೇರೆ. ಇರುವ ಕಡೆ ಇರಬಹುದು. ಆದರೆ ಆ ಮಾತು ಮುಖ್ಯವಾಗಿ ಕೆಲಸಕ್ಕೆ ಬರುವುದು ಕಾರಿನ ಗಾಜು ಏರಿಸಿಕೊಳ್ಳುವುದಕ್ಕೆ.

ಈಗ ‘ಮನೆಯೇ ಲೇಸು’ ಮತಕ್ಕೆ ಸಿಕ್ಕ ಅತಿ ದೊಡ್ಡ ಸಾಕ್ಷ್ಯಕ್ಕೆ ಬರೋಣ. ಕೋವಿಡ್ ಬಂದಾಗ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿದ್ದವರು 2,27,518 ಮಕ್ಕಳು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದ ಪ್ರಕಾರ ಅವರಲ್ಲಿ 1,45,788 ಮಕ್ಕಳನ್ನು ಅಷ್ಟರಲ್ಲಾಗಲೇ ಹೆತ್ತವರಿಗೋ ಪಾಲಕರಿಗೋ ಒಪ್ಪಿಸಿಯಾಗಿತ್ತು. ಅದಕ್ಕೆ ಮೊದಲು ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ, ನೂರು ದಿನದೊಳಗೆ ಮಕ್ಕಳನ್ನು ಮನೆಗೆ ಕಳಿಸಿ ಎಂದು ಬರೆದಿತ್ತು. ಒಪ್ಪಿತ ಮತದವರು ಇದನ್ನು ಹೀಗೆ ಓದಿದರು: ನೋಡಿ, ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಮನೆ ಇದ್ದೇ ಇತ್ತು; ಈ ಸಂಸ್ಥೆಗಳು ಸುಮ್ಮನೆ ತುಂಬಿಕೊಂಡಿದ್ದವು.

ಅರ್ಧ ನಿಜ. ವಿದೇಶಿ ದೇಣಿಗೆಗಾಗಿ ತಲೆ ಎಣಿಸುವ ಸಂಸ್ಥೆಗಳು ಇಲ್ಲದಿಲ್ಲ. ಅವುಗಳೊಳಗೆ ನಡೆದ ದೌರ್ಜನ್ಯಗಳ ಮೇಲೆಯೇ ಸುಪ್ರೀಂ ಕೋರ್ಟು 2017ರಲ್ಲಿ ತಮಿಳುನಾಡಿನ ಅನಾಥಾಶ್ರಮಗಳ ಪ್ರಕರಣದಲ್ಲಿ ಕಟುವಾದ ತೀರ್ಪು ಕೊಟ್ಟದ್ದು. ಆದರೆ ಇಷ್ಟೊಂದು ತಂದೆತಾಯಂದಿರು ಬದುಕಿರುವಾಗಲೇ ಮಕ್ಕಳನ್ನು ಯಾಕೆ ಅಲ್ಲಿ ಬಿಟ್ಟಿದ್ದರು ಎಂಬ ಪ್ರಶ್ನೆಯನ್ನು ಈ ಓದು ಕೇಳುವುದಿಲ್ಲ. ಗಂಡ ಬಿಟ್ಟುಹೋದ ಗಾರೆ ಕೆಲಸದ ಹೆಂಗಸಿಗೆ ಆ ಸಂಸ್ಥೆ ಮೂರು ಹೊತ್ತಿನ ಊಟ, ಒಂದು ಶಾಲೆ, ರಾತ್ರಿ ಬೀಗ ಹಾಕುವ ಒಂದು ಬಾಗಿಲು. ಅದು ಅವಳ ಪಾಲಿನ ಹಾಸ್ಟೆಲ್. ಅದನ್ನು ಮುಚ್ಚಿ ಮಗುವನ್ನು ಅವಳ ಶೆಡ್ಡಿಗೆ ಕಳಿಸಿದರೆ ಕುಟುಂಬ ಒಂದಾಗುವುದು ಹೌದು. ಅದರ ಜೊತೆಗೇ ಬಡವರಿಗಿದ್ದ ಒಂದು ಸೇವೆ ಸದ್ದಿಲ್ಲದೆ ಹಿಂದಕ್ಕೆ ಹೋಗಿರುತ್ತದೆ. ಕೋರ್ಟಿಗೆ ಈ ಅರಿವು ಇತ್ತು ಎಂದೇ ತೋರುತ್ತದೆ. ಹಾಗೆ ಮರಳಿಸಿದ ಪ್ರತಿ ಮಗುವಿನ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ರಾಜ್ಯಗಳಿಗೆ ಅದು ಆದೇಶಿಸಿತು.

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಈ ಮೊತ್ತ ತಿಂಗಳಿಗೆ 4,000 ಆಯಿತು. ತತ್ತ್ವ ಒಳ್ಳೆಯದು: ಮಗುವನ್ನು ಸಂಸ್ಥೆಯಲ್ಲಿಡುವ ಖರ್ಚನ್ನು ಮನೆಗೇ ಕೊಡಿ. ಆದರೆ ಅರ್ಹತೆಯ ಸಾಲನ್ನು ನೋಡಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಾದರೆ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ನಗರದ ಮಿತಿ ಎಂದರೆ ತಿಂಗಳಿಗೆ ಎಂಟು ಸಾವಿರ. ಬೆಂಗಳೂರಿನಲ್ಲಿ ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ವೇತನ ಪಡೆಯುವ ಹೆಂಗಸು ಈ ಮಿತಿ ದಾಟಿಬಿಡುತ್ತಾಳೆ. ಅಂದರೆ ಕಾನೂನು ಪ್ರಕಾರ ಕೂಲಿ ಸಿಕ್ಕರೆ ನೆರವು ಇಲ್ಲ; ಕಾನೂನು ಮುರಿದು ಕಡಿಮೆ ಕೂಲಿ ಕೊಡುವ ಮೇಸ್ತ್ರಿಯ ಕೈಕೆಳಗಿದ್ದರೆ ಉಂಟು. ಮನೆಯನ್ನು ಉಳಿಸಲು ಹೊರಟ ಯೋಜನೆಯೊಂದು ಮನೆ ನಡೆಸುವುದಕ್ಕೆ ಎಷ್ಟು ಬೇಕು ಎಂದು ಯಾರನ್ನೂ ಕೇಳಿದಂತಿಲ್ಲ.

ಇದು ದುಡ್ಡಿನ ಮಾತು. ದುಡ್ಡಿಗಿಂತ ಬಿಕ್ಕಟ್ಟಿನದು ಇನ್ನೊಂದಿದೆ. ಮನೆ ಬಿಟ್ಟು ಓಡಿಬಂದ ಮಗು ಒಂದು ತೀರ್ಮಾನ ಮಾಡಿರುತ್ತದೆ. ಆ ತೀರ್ಮಾನವನ್ನು ನಾವು ತೀರ್ಮಾನವೆಂದು ಒಪ್ಪುವುದೇ ಇಲ್ಲ. ಸಿನಿಮಾ ಹುಚ್ಚು, ಬೆಂಗಳೂರಿನ ಥಳಕು, ಕೆಟ್ಟವರ ಸಹವಾಸ ಎಂದು ಕಾರಣ ಕಟ್ಟುತ್ತೇವೆ. ಕುಡಿದು ಬಡಿಯುವ ಅಪ್ಪ, ಹತ್ತಿ ಹೊಲದ ದುಡಿಮೆ, ಮೇಷ್ಟರ ಬೆತ್ತ, ಮಲತಾಯಿಯ ಅಥವಾ ಮಲತಂದೆಯ ಮನೆಯಲ್ಲಿ ಅತಿಥಿಯಂತೆ ಬದುಕಬೇಕಾದ ಅವಮಾನ: ಮಕ್ಕಳು ನಿಧಾನವಾಗಿ, ಮೂರನೇ ನಾಲ್ಕನೇ ಭೇಟಿಯಲ್ಲಿ ಬಾಯಿಬಿಟ್ಟು ಹೇಳುವ ಕಾರಣಗಳು ಇವು. ಮೊದಲ ದಿನ ಹೇಳುವುದು ಸುಳ್ಳು ಹೆಸರು, ಸುಳ್ಳು ಊರು. ಬಾಲ ನ್ಯಾಯ ಕಾಯ್ದೆಯೋ ಗಡಿಯಾರ ಇಟ್ಟುಕೊಂಡು ಕೂತಿದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು, ಹದಿನೈದು ದಿನದಲ್ಲಿ ಸಾಮಾಜಿಕ ತನಿಖಾ ವರದಿ ಬರಬೇಕು, ನಾಲ್ಕು ತಿಂಗಳಲ್ಲಿ ಅಂತಿಮ ಆದೇಶವಾಗಬೇಕು. ಮಗುವನ್ನು ಕೊಳೆಸಬಾರದು ಎಂಬ ಸದುದ್ದೇಶದ ಗಡುವುಗಳಿವು. ಅವು ಬೇಡವೆಂದು ನಾನು ಹೇಳಲಾರೆ. ಆದರೆ ಗಡುವಿನ ಒತ್ತಡದಲ್ಲಿ ಮುಖ್ಯವಾಗುವ ಪ್ರಶ್ನೆ ‘ನಿಮ್ಮ ಊರು ಯಾವುದು?’ ಎಂಬುದು. ‘ಯಾಕೆ ಬಂದೆ?’ ಎಂಬುದಕ್ಕೆ ಅರ್ಜಿ ನಮೂನೆಯಲ್ಲಿ ಒಂದು ಖಾನೆ ಇರುತ್ತದೆ, ಅಷ್ಟೆ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2017ರಲ್ಲಿ ಬೀದಿಯಲ್ಲಿರುವ ಮಕ್ಕಳ ಬಗ್ಗೆ ತನ್ನ 21ನೇ ಸಾಮಾನ್ಯ ಟಿಪ್ಪಣಿಯನ್ನು ಹೊರಡಿಸಿತು. ಮಗುವನ್ನು ಬರೀ ಬಲಿಪಶುವೆಂದು ನೋಡಿ ಎತ್ತಿಕೊಂಡು ಬರುವ ಕ್ರಮವನ್ನೂ, ಅಪರಾಧಿಯೆಂದು ನೋಡಿ ಹಿಡಿಯುವ ಕ್ರಮವನ್ನೂ ಅದು ಒಂದೇ ಉಸಿರಿನಲ್ಲಿ ಟೀಕಿಸುತ್ತದೆ. ನಮ್ಮ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲೂ ಮಗುವಿನ ಮಾತು ಕೇಳಬೇಕೆಂಬ ತತ್ತ್ವವಿದೆ, ಮನೆಗೆ ಮರಳಿಸಬೇಕೆಂಬ ತತ್ತ್ವವೂ ಇದೆ. ಇವೆರಡು ಢಿಕ್ಕಿ ಹೊಡೆದಾಗ ಗೆಲ್ಲುವುದು ಯಾವುದು ಎಂದು ಕಾಯ್ದೆ ನೇರವಾಗಿ ಹೇಳುವುದಿಲ್ಲ. ರೂಢಿ ಹೇಳುತ್ತದೆ.

ಇದರ ಬೆಲೆಯನ್ನು ಹೆಚ್ಚು ತೆರುವವರು ಹುಡುಗಿಯರು. ಮದುವೆ ತಪ್ಪಿಸಿಕೊಂಡು ಬಂದ ಹದಿನೈದರ ಹುಡುಗಿಯನ್ನು ಊಹಿಸಿಕೊಳ್ಳಿ. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಹುಟ್ಟಿನಿಂದಲೇ ಅಸಿಂಧು ಮಾಡಿದ ರಾಜ್ಯ; 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮೆಚ್ಚಿಕೊಂಡಿತು ಕೂಡ. ಅಂಥ ರಾಜ್ಯದಲ್ಲಿ ಆ ಹುಡುಗಿಯ ವಿಷಯದಲ್ಲಿ ನಡೆಯುವುದು ಏನು? ಅಪ್ಪನನ್ನು ಕರೆಸಿ, ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಮಗಳನ್ನು ಜೊತೆಗೆ ಕಳಿಸುತ್ತಾರೆ. ಇಡೀ ರಕ್ಷಣಾ ವ್ಯವಸ್ಥೆ ಆಗ ನಿಂತಿರುವುದು ಆ ಒಂದು ಹಾಳೆಯ ಮೇಲೆ. ಅದನ್ನು ಹಿಡಿದು ಮುಂದಿನ ಆಷಾಢ ಕಳೆದ ಮೇಲೆ ಆ ಮನೆಯ ಕದ ತಟ್ಟುವವರು ಯಾರು? ಊರ ಮಾನ ಹೋಯಿತು ಎಂದು ಕುದಿಯುತ್ತಿರುವ ಮನೆಯಲ್ಲಿ ಅವಳು ಹೇಗಿದ್ದಾಳೆ ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳುವವರು ಯಾರು? ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಬೆರಳೆಣಿಕೆಯ ಸೋಷಿಯಲ್ ವರ್ಕರುಗಳು, ಔಟ್‌ರೀಚ್ ವರ್ಕರುಗಳು ಇರುತ್ತಾರೆ, ಗುತ್ತಿಗೆಯ ಮೇಲೆ. ಬೆಳಗಾವಿಯಷ್ಟು ಹರಡಿಕೊಂಡ ಜಿಲ್ಲೆಯಲ್ಲಿ ಅವರು ಎಷ್ಟು ಕದ ತಟ್ಟಿಯಾರು?

ಇಲ್ಲಿಗೆ ‘ಸಮುದಾಯ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬರುತ್ತದೆ. ಈ ಮಾತಿನ ಮೇಲೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಪ್ರೀತಿಗೆ ಕಾರಣವುಂಟು. ನಮ್ಮ ರಾಜ್ಯದ ದುಡಿಯುವ ಮಕ್ಕಳೇ 1990ರಲ್ಲಿ ಭೀಮ ಸಂಘ ಕಟ್ಟಿಕೊಂಡು, ಆಮೇಲೆ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿ ನಡೆಸಿ, ದೊಡ್ಡವರ ಪಂಚಾಯಿತಿಗೆ ಲೆಕ್ಕ ಕೇಳಿದರು. ರಾಜ್ಯದಾದ್ಯಂತ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯ ಬೇರು ಅಲ್ಲಿದೆ. ಬೇರೆ ರಾಜ್ಯಗಳ ಮುಂದೆ ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ ಇದು. ಆದರೆ ಆ ಸಭೆಯಲ್ಲಿ ಎದ್ದು ನಿಂತು ಶಾಲೆಗೆ ಕಾಂಪೌಂಡು ಕೇಳುವುದು ಶಾಲೆಯಲ್ಲಿರುವ ಮಗು. ಶಾಲೆ ಬಿಟ್ಟು ಯಶವಂತಪುರ ನಿಲ್ದಾಣದಲ್ಲಿ ಇಳಿದ ಮಗುವಿನ ಹಾಜರಿ ಅಲ್ಲಿ ಕೂಗುವುದಿಲ್ಲ.

ಸಿಟ್ಟಿಗೆ ಕಾರಣ ಇನ್ನೂ ಸರಳ. ಆ ಮಗು ಓಡಿಬಂದದ್ದೇ ಸಮುದಾಯದಿಂದ. ಹೊಡೆದ ಅಪ್ಪ, ಮದುವೆ ಗೊತ್ತು ಮಾಡಿದ ಸೋದರಮಾವ, ಕೇರಿಯ ಹುಡುಗನೆಂದು ಹಿಂದಿನ ಬೆಂಚಿಗೆ ಕೂರಿಸಿದ ಶಾಲೆ ಎಲ್ಲವೂ ಸಮುದಾಯವೇ. ಕೆಲವೊಮ್ಮೆ ಮರಳಿಸಲು ಊರಿನಲ್ಲಿ ಮನೆಯೇ ಇರುವುದಿಲ್ಲ. ಯಾದಗಿರಿಯ ತಾಂಡಾದಲ್ಲಿ ಮನೆಗೆ ಬೀಗ, ತಂದೆತಾಯಿ ಗುಳೆ ಹೋಗಿ ಬೆಂಗಳೂರಿನದೇ ಯಾವುದೋ ಅಪಾರ್ಟ್‌ಮೆಂಟ್ ಕಾಮಗಾರಿಯ ಶೆಡ್ಡಿನಲ್ಲಿ, ಊರಿನಲ್ಲಿ ಉಳಿದಿರುವುದು ಕಣ್ಣು ಕಾಣದ ಅಜ್ಜಿ. ಕಡತದಲ್ಲಿ ಮಾತ್ರ ‘ಸ್ವಗ್ರಾಮಕ್ಕೆ ಮರಳಿಸಲಾಗಿದೆ’. ಹಳ್ಳಿಗೊಂದು ಮಕ್ಕಳ ರಕ್ಷಣಾ ಸಮಿತಿ ಇರಬೇಕೆಂಬುದು 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯ ಕಾಲದಿಂದ ಕಾಗದದ ಮೇಲಿದೆ. ಅದರ ಸದಸ್ಯರನ್ನು ನೋಡಿ: ಪಂಚಾಯಿತಿಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ, ಶಿಕ್ಷಕರು. ಎಲ್ಲರಿಗೂ ಬೇರೆ ಕೆಲಸವಿದೆ. ಇದು ಹತ್ತರ ಜೊತೆ ಹನ್ನೊಂದನೆಯದು. ಅಂಗನವಾಡಿ ಕಾರ್ಯಕರ್ತೆಗೆ ಇನ್ನೆಷ್ಟು ಹೊರಿಸುತ್ತೀರಿ? ಅದಲ್ಲದೆ ಆಕೆಯೂ ಅದೇ ಊರಿನಲ್ಲಿ ಬಾಳಬೇಕು. ಗೌಡರ ಮನೆಯಲ್ಲಿ ಜೀತಕ್ಕಿದ್ದ ಹುಡುಗನ ಪರವಾಗಿ ವರದಿ ಬರೆದು ಮಾರನೆಯ ದಿನ ಅದೇ ಓಣಿಯಲ್ಲಿ ನಡೆದು ಹೋಗಬೇಕು. ಬೆಂಗಳೂರಿನ ಸ್ಥಿತಿ ಇನ್ನೂ ವಿಚಿತ್ರ: 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಾರ್ಡಿಗೊಬ್ಬ ಸದಸ್ಯನೇ ಇಲ್ಲದ ಊರಿನಲ್ಲಿ ವಾರ್ಡ್ ಮಟ್ಟದ ಸಮಿತಿಯ ಮಾತಾಡುವುದಕ್ಕೆ ಧೈರ್ಯ ಬೇಕು.

ಸಮುದಾಯದ ಸೇವೆ ಎಂದರೆ ಸಮುದಾಯದ ಸದ್ಭಾವನೆಯಲ್ಲ. ಅದೊಂದು ವೃತ್ತಿ. ತರಬೇತಿ ಪಡೆದ, ಸಂಬಳ ಪಡೆಯುವ, ಊರಿಗೆ ಹೆದರಬೇಕಿಲ್ಲದ, ನಾಲ್ಕು ವರ್ಷವಾದರೂ ಅದೇ ಹುದ್ದೆಯಲ್ಲಿ ಉಳಿಯುವ ಒಬ್ಬರು ಮಾಡುವ ಕೆಲಸ. ಇದು ಸಾಧ್ಯವೆಂದು ತೋರಿಸಿದವರು ನಮ್ಮಲ್ಲೇ ಇದ್ದಾರೆ. 1980ರಲ್ಲಿ ಬೆಂಗಳೂರು ಓಣಿಯವರ ಸೇವಾ ಕೂಟ ಶುರುವಾದದ್ದು ಕಟ್ಟಡದಿಂದಲ್ಲ. ಸಲೇಷಿಯನ್ ಸಭೆಯ ಯುವಕರು ಮಕ್ಕಳಿದ್ದ ಬೀದಿಗೇ ಹೋದರು. ಮಕ್ಕಳು ನಂಬುವವರೆಗೆ ಕಾಯುವುದೇ ಅವರ ವಿಧಾನವಾಗಿತ್ತು. ಬೋಸ್ಕೊ ಎಂಬ ಹೆಸರಿನಲ್ಲಿ ಅದು ಈಗ ಎಲ್ಲರಿಗೂ ಗೊತ್ತು. ಅದರ ಖ್ಯಾತಿ ಉಳಿದಿರುವುದು ಎಷ್ಟು ಮಕ್ಕಳನ್ನು ರಕ್ಷಿಸಿತು ಎಂಬ ಲೆಕ್ಕದಲ್ಲಿ. ಅದರ ನಿಜವಾದ ಪಾಠ ಆ ಕಾಯುವಿಕೆಯಲ್ಲಿತ್ತು ಎಂಬುದು ನನ್ನ ಅನಿಸಿಕೆ, ಮತ್ತು ಅದನ್ನೇ ಯಾವ ಸರ್ಕಾರಿ ಯೋಜನೆಯೂ ನಕಲು ಮಾಡಲಿಲ್ಲ.

ಮಕ್ಕಳ ಸಹಾಯವಾಣಿ 1098ರ ಕಥೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. 1996ರಲ್ಲಿ ಮುಂಬಯಿಯಲ್ಲಿ ಜೆರೂ ಬಿಲಿಮೋರಿಯಾ ಆರಂಭಿಸಿದ ಚೈಲ್ಡ್‌ಲೈನ್ ದೇಶದ ತುಂಬ ಹರಡಿತು. ಫೋನು ಎತ್ತುತ್ತಿದ್ದವರೂ ಮಗುವಿನ ಹತ್ತಿರ ಹೋಗುತ್ತಿದ್ದವರೂ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರೇ. 2023ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡು ತುರ್ತು ಸಂಖ್ಯೆ 112ರ ಜೊತೆ ಬೆಸೆಯಿತು. ಕಾರ್ಯಕರ್ತರ ವಲಯದಲ್ಲಿ ಅಂದಿನಿಂದ ಶೋಕಗೀತೆ, ಸರ್ಕಾರದ ಕಡೆಯಿಂದ ದಕ್ಷತೆಯ ಮಾತು. ಇಬ್ಬರೂ ಫೋನಿನ ಬಗ್ಗೆ ಜಗಳವಾಡುತ್ತಿದ್ದಾರೆ. ಅಪಹರಣವಾದಾಗ, ಹಲ್ಲೆಯಾಗುತ್ತಿರುವಾಗ ಪೊಲೀಸರು ಬೇಗ ಬರುವುದು ಒಳ್ಳೆಯದೇ. ಆದರೆ ಮಕ್ಕಳ ಎಷ್ಟೋ ಕರೆಗಳು ಅಂಥ ತುರ್ತಿನವಲ್ಲ. ಕರೆ ಮಾಡಿ ಮಾತಾಡದೆ ಇಟ್ಟುಬಿಡುವ ಮಕ್ಕಳಿದ್ದಾರೆ. ಹತ್ತನೆಯ ಕರೆಗೆ ಬಾಯಿ ತೆರೆಯುವವರಿದ್ದಾರೆ. ಕಳೆದುಹೋಗಿದ್ದು ಸಂಖ್ಯೆಯಲ್ಲ. ಮಾರ್ಕೆಟ್ಟಿನ ಯಾವ ಗೋದಾಮಿನ ಹಿಂದೆ ಯಾರು ಮಲಗುತ್ತಾರೆ, ಯಾರ ಕೈಯಲ್ಲಿ ನಶೆಗೆ ಮೂಸುವ ಸಲ್ಯೂಷನ್ ಬಟ್ಟೆ ಇದೆ, ಯಾರಿಗೆ ಜ್ವರ ಎಂದು ಮುಖ ನೋಡಿ ಹೇಳಬಲ್ಲವರ ತಂಡ. ಹಾಗೆಂದು ಹಳೆಯ ವ್ಯವಸ್ಥೆಯನ್ನು ಹೊಗಳಲು ನಾನು ತಯಾರಿಲ್ಲ. ಆ ಕಾರ್ಯಕರ್ತರಿಗೂ ಸಿಗುತ್ತಿದ್ದುದು ಅಲ್ಪ ಗೌರವಧನ. ಪ್ರಾಜೆಕ್ಟಿನ ಜೊತೆಗೆ ಅವರೂ ಬದಲಾಗುತ್ತಿದ್ದರು, ನಂಬಿದ್ದ ಮಗು ಮತ್ತೆ ಹೊಸ ಅಕ್ಕನಿಗೆ ಹಳೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಕೊನೆಗೆ ಹದಿನೆಂಟರ ಹುಟ್ಟುಹಬ್ಬ. ಬಾಲಮಂದಿರದ ಹುಡುಗ ಹದಿನೆಂಟು ತುಂಬಿದ ದಿನ ಹೊರಗೆ ಬರುತ್ತಾನೆ, ಅವನಿಗೆ ಯಾರೂ ಇಲ್ಲ ಎಂಬ ಅಳಲು ಈಗ ಸಾಕಷ್ಟು ಕೇಳಿಬರುತ್ತದೆ. ಪತ್ರಿಕೆಗಳೂ ಬರೆಯುತ್ತವೆ. ಅನುಪಾಲನಾ ಗೃಹಗಳಿವೆ, 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಬೆಂಬಲಕ್ಕೆ ನಿಯಮದಲ್ಲಿ ಅವಕಾಶವಿದೆ, ತಿಂಗಳಿಗೆ 4,000 ರೂಪಾಯಿಯೂ ಇದೆ. ಬೆಂಗಳೂರಿನ ಪಿಜಿಯೊಂದರಲ್ಲಿ ಮಂಚ ಹಿಡಿಯಲೂ ಸಾಲದ ಮೊತ್ತವೆಂಬುದನ್ನು ಸದ್ಯಕ್ಕೆ ಬದಿಗಿಡಿ. ಒಪ್ಪಿತ ಅಳಲು ಗಮನಿಸದ ಸಂಗತಿ ಬೇರೆಯೇ ಇದೆ, ಮತ್ತು ನನ್ನ ಪ್ರಕಾರ ಇಡೀ ವ್ಯವಸ್ಥೆಯ ಒಳವಿರೋಧ ಬೆತ್ತಲಾಗುವುದು ಅಲ್ಲೇ.

ಬಾಲ ನ್ಯಾಯ ಕಾಯ್ದೆಯ ವ್ಯಾಖ್ಯೆಯಲ್ಲಿ ಈ ಅನುಪಾಲನೆ ಯಾರಿಗೆ? ಹದಿನೆಂಟು ತುಂಬಿ, ‘ಸಾಂಸ್ಥಿಕ ಪಾಲನೆಯಿಂದ ಹೊರಬಂದವರಿಗೆ’. ಈಗ ಹದಿನಾಲ್ಕರಲ್ಲಿ ಮೆಜೆಸ್ಟಿಕ್ಕಿನಲ್ಲಿ ಸಿಕ್ಕ ರಾಯಚೂರು ಕಡೆಯ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ‘ಸಂಸ್ಥೆ ಕಟ್ಟಕಡೆಯ ದಾರಿ’ ಎಂಬ ತತ್ತ್ವದಂತೆ ಅವನನ್ನು ಮನೆಗೆ ಕಳಿಸಿದಿರಿ. ಮನೆ ಬದಲಾಗಿರಲಿಲ್ಲ, ಅವನು ವಾಪಸು ಬಂದ. ಹೋಟೆಲಿನಲ್ಲಿ ಲೋಟ ತೊಳೆದ, ಕೇಟರಿಂಗಿನವರ ಜೊತೆ ಹೋದ, ಮೇಲ್ಸೇತುವೆಯ ಕೆಳಗೆ ಮಲಗಿದ. ಹದಿನೆಂಟು ತುಂಬಿತು. ಅವನು ಯಾವ ಸಂಸ್ಥೆಯಿಂದಲೂ ಹೊರಬಂದವನಲ್ಲ, ಹಾಗಾಗಿ ಅನುಪಾಲನೆಗೆ ಅರ್ಹನಲ್ಲ. ಸಂಸ್ಥೆ ಬೇಡವೆಂದು ಬೋಧಿಸುವ ಕಾಯ್ದೆ, ಹದಿನೆಂಟರ ಆಚೆಗಿನ ಆಸರೆಯನ್ನು ಮಾತ್ರ ಸಂಸ್ಥೆಯಲ್ಲಿ ಬೆಳೆದವರಿಗೇ ಮೀಸಲಿಟ್ಟಿದೆ. ಅದರ ಮಾತನ್ನು ನಂಬಿ ಮನೆಗೆ ಹೋದ ಮಗುವಿಗೆ ಸಿಕ್ಕಿದ್ದು ಶಿಕ್ಷೆ. ಕುಟುಂಬದ ಜೊತೆ ಬೀದಿಯಲ್ಲೇ ಬೆಳೆದ ಆ 9,530ರಂಥ ಮಕ್ಕಳು ದೊಡ್ಡವರಾದಾಗಲೂ ಇದೇ ಗತಿ.

ಹದಿನೆಂಟರ ಮಾರನೆಯ ದಿನ ಆ ಹುಡುಗನ ಹೆಸರು ಮಕ್ಕಳ ಇಲಾಖೆಯಲ್ಲಿಲ್ಲ. ಯುವಜನ ಇಲಾಖೆಗೆ ಅವನು ಕ್ರೀಡಾಪಟುವಾದರೆ ಬೇಕು. ಕೌಶಲ ತರಬೇತಿಗೆ ಹೋದರೆ ಆಧಾರ್, ವಿಳಾಸ, ಜಾತಿ ಪ್ರಮಾಣಪತ್ರ ಕೇಳುತ್ತಾರೆ. ಜಾತಿ ಪ್ರಮಾಣಪತ್ರಕ್ಕೆ ಅಪ್ಪನ ಕಾಗದ ಬೇಕು, ಅವನು ಓಡಿಬಂದದ್ದು ಆ ಅಪ್ಪನಿಂದಲೇ. ಅವನ ಮೇಲೆ ಖಂಡಿತವಾಗಿ ಕಣ್ಣಿಡಬಲ್ಲ ಕಾನೂನು ಎಂದರೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಹದಿನೇಳರವರೆಗೆ ಪಾಲನೆ, ರಕ್ಷಣೆ ಬೇಕಾದ ಮಗು. ಹತ್ತೊಂಬತ್ತಕ್ಕೆ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹೋಗುವ ವ್ಯಾನಿನ ಗಿರಾಕಿ. 2010ರಲ್ಲಿ ಸಾಲು ಸಾಲು ಸಾವುಗಳಿಂದ ರಾಜ್ಯವನ್ನು ಬೆಚ್ಚಿಬೀಳಿಸಿದ್ದು ಇದೇ ಕೇಂದ್ರ.

ಇಷ್ಟಕ್ಕೆಲ್ಲ ಹಣ ಎಲ್ಲಿದೆ ಎಂದು ಆಡಳಿತದಲ್ಲಿರುವ ಸ್ನೇಹಿತರು ಕೇಳುತ್ತಾರೆ. ಜಿಲ್ಲೆಗೆ ಇನ್ನಷ್ಟು ಕಾರ್ಯಕರ್ತರು, ಕಾಯಂ ಸಂಬಳ, ಯುವಕರಿಗೆ ಬಾಡಿಗೆಯ ನೆರವು: ಕೇಂದ್ರದ ಯೋಜನೆಯಲ್ಲಿ ಇವಕ್ಕೆ ತಲೆಬರಹವೇ ಇಲ್ಲ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕೇಂದ್ರದ ಕಾಯ್ದೆಯ ವ್ಯಾಖ್ಯೆಯಿಂದ ‘ಸಾಂಸ್ಥಿಕ ಪಾಲನೆಯಿಂದ ಹೊರಬಂದ’ ಎಂಬ ಮೂರು ಪದ ತೆಗೆಸುವುದಕ್ಕೆ ಸಂಸತ್ತೇ ಬೇಕು, ತಡವಾಗುತ್ತದೆ. ಆದರೆ ರಾಜ್ಯ ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಮನೆ, ಸೈಟು ಇರುವ ಪ್ರತಿಯೊಬ್ಬರೂ ಆಸ್ತಿ ತೆರಿಗೆಯ ರಸೀದಿಯನ್ನೊಮ್ಮೆ ತೆಗೆದು ನೋಡಲಿ. ಅದೇ 1975ರ ಕಾಯ್ದೆಯಡಿ ನೂರಕ್ಕೆ ಮೂರರಂತೆ ಭಿಕ್ಷುಕರ ಕರವೂ ಅದರಲ್ಲಿ ಸೇರಿದೆ. ಹೀಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಕೇಂದ್ರ ಪರಿಹಾರ ಸಮಿತಿಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡದ್ದು ಹಲವು ಬಾರಿ ಸುದ್ದಿಯಾಗಿದೆ. ಹಿಡಿದು ತರುವ ವ್ಯಾನಿಗೂ ಕೂಡಿಹಾಕುವ ಕಟ್ಟಡಕ್ಕೂ ಮೀಸಲಾದ ಈ ಕರವನ್ನು ಹದಿನೆಂಟರಿಂದ ಇಪ್ಪತ್ತಮೂರರ ನಿರಾಶ್ರಿತ ಯುವಕ ಯುವತಿಯರ ಬಾಡಿಗೆಗೆ, ಅವರ ಬೆನ್ನಿಗಿರುವ ಕಾರ್ಯಕರ್ತೆಯ ಸಂಬಳಕ್ಕೆ ತಿರುಗಿಸಲು ದೆಹಲಿಯ ಅಪ್ಪಣೆ ಬೇಡ. ವಿಧಾನಮಂಡಲದಲ್ಲಿ ಒಂದು ತಿದ್ದುಪಡಿ ಸಾಕು.